ಎರಡುನೂರು ಅಲ್ಲ, ಇನ್ನೂರು

ಇವತ್ತು ಅಂಕಿಗಳನ್ನು ಅಕ್ಷರಕ್ಕೆ ತಿರುಗಿಸುವ ಸಣ್ಣದೊಂದು ಪ್ರೋಗ್ರಾಂ ಬರೆದೆ. 200 ಎಂದು ಕೊಟ್ಟರೆ ಪರದೆಯ ಮೇಲೆ ‘ಎರಡುನೂರು’ ಎಂದು ಬಂತು. ನೋಡಿದ್ದೇ ತಡ, ಕರ್ನಾಟಕದ ಗಡಿ ಪಕ್ಕದ ಮಕ್ತಲ್‌ನ ಅಜ್ಜಿ ಮನೆಯ ಪಡಸಾಲೆ ನೆನಪಾಯಿತು.

ಆಗ ಪ್ರತ್ಯೇಕ ತೆಲಂಗಾಣಕ್ಕಾಗಿ ಬಂದ್ ನಡೆದಿತ್ತು. ಗದ್ವಾಲದ ನಮ್ಮ ತೆಲುಗು ಶಾಲೆ ಮುಚ್ಚಿದ್ದರಿಂದ ಅಪ್ಪ ನನ್ನನ್ನು ಅಜ್ಜಿಯ ಹತ್ತಿರ ಬಿಟ್ಟಿದ್ದರು. ಅಜ್ಜಿ ಹುಣಸೆಹಣ್ಣು ಬಿಡಿಸುತ್ತ, ಹೊತ್ತು ಹೋಗಲೆಂದು ಬೀಜಗಳನ್ನು ನನ್ನ ಮುಂದೆ ಸುರಿದಳು. ನಾನು ಕನ್ನಡದಲ್ಲಿ ಎಣಿಸುತ್ತಾ ಹೋದೆ.

“ನೂರಾ ತೊಂಬತ್ತೊಂಬತ್ತು, ಎರಡುನೂರು.”

ಅಜ್ಜಿ ಬಿದ್ದುಬಿದ್ದು ನಕ್ಕಳು. ನನಗೆ ಅಳುವೇ ಬಂತು.

“ನಾ ಇನ್ನ ಕನ್ನಡದಾಗ ಎಣಸಂಗಿಲ್ಲ!”

ಅಜ್ಜಿ ನಗು ನಿಲ್ಲಿಸಿ ನನ್ನನ್ನು ಹತ್ತಿರ ಎಳೆದುಕೊಂಡಳು. “ಅಳಬ್ಯಾಡ ನಮ್ಮವ್ವಾ. ಇನ್ನೂರು ಅನ್ನಬೇಕು. ಆಮ್ಯಾಲ ಮುನ್ನೂರು.”

“ಮತ್ತ ಆರುನೂರು ಯಾಕ ಹಂಗೇ ಐತಿ?”

“ನನಗೂ ಗೊತ್ತಿಲ್ಲವ್ವಾ. ಹುಟ್ಟಿದಾಗಿಂದ ಅನ್ನಾಕತ್ತೀನಿ, ಯಾಕಂತ ಎಂದೂ ಕೇಳಿಲ್ಲ ನೋಡು.”

ಆಮೇಲೆ ಇಬ್ಬರೂ ಸಾವಿರದವರೆಗಿನ ನೂರುಗಳನ್ನೆಲ್ಲ ಬಾಯಲ್ಲಿ ಆಡಿಸಿ, ಯಾವುದು ಬದಲಾಗುತ್ತದೆ, ಯಾವುದು ಇಲ್ಲ ಎಂದು ನೋಡುತ್ತ ಕುಳಿತೆವು.

ಇವತ್ತು ಇನ್ನೂರು, ಮುನ್ನೂರು, ನಾನೂರು, ಐನೂರು, ಒಂಬೈನೂರುಗಳನ್ನು ಪ್ರೋಗ್ರಾಂನಲ್ಲಿ ಬೇರೆಯಾಗಿಯೇ ಬರೆದೆ. ಕುತೂಹಲಕ್ಕೆ ತೆಲುಗಿಗೂ ಒಂದು ಬರೆದು ನೋಡಿದೆ. ಅಲ್ಲಿ ‘ರೆಂಡು ವಂದಲು’ ತಾನಾಗಿಯೇ ಸರಿಯಾಗಿ ಬಂತು. ರೆಂಡು ಎಂದರೆ ಎರಡು, ವಂದಲು ಎಂದರೆ ನೂರುಗಳು. ಎರಡು ಅಲ್ಲಿ ಎರಡಾಗಿಯೇ ಉಳಿಯುತ್ತದೆ. ಅವತ್ತು ನಾನು ತೆಲುಗಿನಲ್ಲಿ ಎಣಿಸಿ ಕನ್ನಡದಲ್ಲಿ ಹೇಳಿದ್ದೆ!

ತಕ್ಷಣ ಅಜ್ಜಿಗೆ ಫೋನ್ ಮಾಡಿ ಹೇಳಿದೆ. ಅವಳು, “ಹಂಗಾದ್ರ ನೀ ತಪ್ಪೇನೂ ಅಂದಿದ್ದಿಲ್ಲ ಬಿಡವ್ವಾ” ಅಂದಳು.