ಅಲ್ಲಾಡದ ಮದುವೆ

"ಅಂಕಲ್, ಕ್ಯಾಮೆರಾ ಕಡೆ ನೋಡ್ಬೇಡಿ. ಆಂಟಿ ಜೊತೆ ಮಾತಾಡ್ತಾ, ನಗ್ತಾ, ಹಾಗೇ ನಡ್ಕೊಂಡು ಬನ್ನಿ. ಫುಲ್ ಕ್ಯಾಷುಯಲ್."

ಮೊನ್ನೆ ನನ್ನ ಮಗಳ ಮದುವೆಯ ದಿನ, ನಾಯಂಡಹಳ್ಳಿ ಕಡೆಯ ಕಲ್ಯಾಣಮಂಟಪದ ಬಾಗಿಲಲ್ಲಿ, ಗಡ್ಡ ಬಿಟ್ಟ ಕ್ಯಾಮೆರಾದವನೊಬ್ಬ ನನಗೆ ಹೀಗೆ ಅಪ್ಪಣೆ ಮಾಡಿದ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಹೆಂಡತಿಯ ಜೊತೆ ನಗುತ್ತಾ ನಡೆಯಬೇಕೆಂದರೆ ಏನು ಮಾತಾಡಬೇಕೆಂದು ನಿಮಗಾದರೂ ತಟ್ಟನೆ ಹೊಳೆಯುತ್ತದೆಯೇ? ನನಗೆ ಹೊಳೆಯಲಿಲ್ಲ. "ಮನೇಲಿ ಗ್ಯಾಸ್ ಆಫ್ ಮಾಡಿದ್ಯಾ?" ಎಂದು ಕೇಳಿದೆ. ಅವಳು ಗಾಬರಿಯಾಗಿ ಅಲ್ಲೇ ನಿಂತುಬಿಟ್ಟಳು. ಕ್ಯಾಮೆರಾದವನು "ಒನ್ಸ್ ಮೋರ್ ಅಂಕಲ್" ಎಂದ.

ಹೀಗೆ ಹಿಂದೆ ಮುಂದೆ ನಡೆಯುತ್ತಿರುವಾಗ ನನಗೆ ನಮ್ಮ ಚಿಕ್ಕಪ್ಪ ನೆನಪಾದರು. ಅವರ ಹೆಸರು ಶ್ರೀಕಂಠ. ಅಪ್ಪನಿಗೆ ಮತ್ತು ಅಜ್ಜಿಗೆ ಕಂಠಿ, ಬೀದಿಗೆಲ್ಲ ಕಂಠಿ ಸಾರ್. ಎಂಬತ್ತರ ದಶಕದಲ್ಲಿ ರಾಜಾಜಿನಗರದ ನಮ್ಮ ಬೀದಿಯಲ್ಲಿ ಕಂಠಿ ಸಾರ್ ಅಭಿಪ್ರಾಯ ಕೇಳದೆ ಯಾರೂ ಒಂದು ಇಸ್ತ್ರಿಪೆಟ್ಟಿಗೆಯನ್ನೂ ಕೊಳ್ಳುತ್ತಿರಲಿಲ್ಲ. ಈಗ ನೀವು ಮೊಬೈಲಿನಲ್ಲಿ ನಕ್ಷತ್ರ ನೋಡಿ ಮಿಕ್ಸಿ ಕೊಳ್ಳುತ್ತೀರಲ್ಲ, ಆಗ ಆ ನಕ್ಷತ್ರಗಳನ್ನೆಲ್ಲ ಕೊಡುತ್ತಿದ್ದವರು ಚಿಕ್ಕಪ್ಪ. ಫ್ಯಾಕ್ಟರಿಯಿಂದ ಬಂದು, ಮುಖ ತೊಳೆದು, ಬನಿಯನ್ನಿನಲ್ಲಿ ಜಗುಲಿಯ ಮೇಲೆ ಕೂತರೆಂದರೆ ಯಾರಾದರೊಬ್ಬರು ಬಂದೇ ಬರುತ್ತಿದ್ದರು. "ಸಾರ್, ಟಿ.ವಿ. ತಗೋಬೇಕು ಅಂತಿದೀವಿ, ಯಾವುದು ತಗೊಳ್ಳೋಣ?" ಚಿಕ್ಕಪ್ಪ ಕಣ್ಣು ಮುಚ್ಚಿ, "ಟಿ.ವಿ. ಯಾವುದಾದ್ರೂ ತಗೊಳ್ರೀ, ಸ್ಟೆಬಿಲೈಸರ್ ಮಾತ್ರ ಒಳ್ಳೇದು ತಗೊಳ್ಳಿ" ಎನ್ನುವರು. ಬಂದವರು ಧನ್ಯರಾಗಿ ಹೋಗಿ ಮೊದಲು ಸ್ಟೆಬಿಲೈಸರ್ ಕೊಂಡು, ಟಿ.ವಿ.ಗೆ ದುಡ್ಡು ಹೊಂದಿಸುವ ತನಕ ಅದರ ಮೇಲೊಂದು ಕ್ರೋಶಾ ಬಟ್ಟೆ ಹಾಸಿ ಹೂದಾನಿ ಇಡುತ್ತಿದ್ದರು.

ನಮ್ಮ ಕಪ್ಪುಬಿಳುಪು ಟಿ.ವಿ.ಗೆ ಬಣ್ಣದ ಪ್ಲಾಸ್ಟಿಕ್ ಹಾಳೆ ತಂದು ಅಂಟಿಸಿದವರೂ ಅವರೇ. ಮೇಲೆ ನೀಲಿ, ನಡುವೆ ಕಿತ್ತಳೆ, ಕೆಳಗೆ ಹಸಿರು. ಕ್ರಿಕೆಟ್ಟಿಗೆ ಅದು ಬಹಳ ಚೆನ್ನಾಗಿ ಹೊಂದುತ್ತಿತ್ತು. ವಾರ್ತೆ ಓದುವ ಹೆಂಗಸಿಗೆ ಮಾತ್ರ ದಿನವೂ ನೀಲಿ ಕೂದಲು. "ಪಾಪ, ಈ ವಯಸ್ಸಿಗೇ ಏನು ಕಾಯಿಲೆಯೋ" ಎಂದು ಅಜ್ಜಿ ಮರುಗುತ್ತಿದ್ದಳು. ಸತ್ತ ಬ್ಯಾಟರಿ ಸೆಲ್ಲನ್ನು ಬಿಸಿಲಿಗಿಟ್ಟರೆ ಮತ್ತೆ ಜೀವ ಬರುತ್ತದೆ ಎನ್ನುವುದು ಚಿಕ್ಕಪ್ಪನ ಇನ್ನೊಂದು ಸಿದ್ಧಾಂತ. ಹಾಗಾಗಿ ಬೇಸಿಗೆಯಲ್ಲಿ ನಮ್ಮ ತಾರಸಿಯ ಮೇಲೆ ಅಜ್ಜಿಯ ಸಂಡಿಗೆ ಒಂದು ಕಡೆ, ಚಿಕ್ಕಪ್ಪನ ಸೆಲ್ಲುಗಳು ಇನ್ನೊಂದು ಕಡೆ ಒಣಗುತ್ತಿದ್ದವು. ಒಂದು ವರ್ಷ ಸಂಡಿಗೆ ಡಬ್ಬದೊಳಗೂ ಒಂದು ಸೆಲ್ ಸಿಕ್ಕಿತು. ಅಜ್ಜಿ ಮಾಡಿದ ರಾದ್ಧಾಂತವನ್ನು ಇಲ್ಲಿ ಬರೆಯುವುದು ಬೇಡ.

ಬೀದಿಯೆಲ್ಲ ಹೀಗೆ ತಲೆಬಾಗಿದರೂ ಚಿಕ್ಕಪ್ಪನಿಗೆ ಅದು ಲೆಕ್ಕಕ್ಕಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಒಬ್ಬರ ಮೆಚ್ಚುಗೆ, ನಮ್ಮಪ್ಪನದು. ತಾತ ತೀರಿಕೊಂಡಾಗ ಚಿಕ್ಕಪ್ಪನಿಗೆ ಇನ್ನೂ ಮೀಸೆ ಮೂಡಿರಲಿಲ್ಲವಂತೆ. ಓದಿಸಿ, ಬೈದು, ಕೆಲಸಕ್ಕೆ ಸೇರಿಸಿದವರು ಅಪ್ಪ. ಮದುವೆಯ ಗೊಡವೆಗೆ ಹೋಗದೆ ನಮ್ಮ ಮಹಡಿಯ ರೂಮಿನಲ್ಲೇ ಇದ್ದ ಚಿಕ್ಕಪ್ಪ ಯಾವ ಹೊಸ ಯಂತ್ರ ತಂದರೂ ಮೊದಲು ಅಣ್ಣನ ಮುಂದೆ ಇಟ್ಟು, ಸ್ವಿಚ್ ಹಾಕಿ, ಮುಖ ನೋಡುತ್ತಾ ನಿಲ್ಲುವರು. ಅಪ್ಪ ಕನ್ನಡಕದ ಮೇಲಿನಿಂದ ಒಮ್ಮೆ ನೋಡಿ "ಹೂಂ" ಎಂದು ಪೇಪರಿಗೆ ಮರಳುವರು. ಸರ್ಕಾರಿ ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆಗಿದ್ದ ಅಪ್ಪನಿಗೆ ಬಾಯಿಬಿಟ್ಟು ಹೊಗಳುವುದು ಮಹಾಪರಾಧವೆಂಬ ಭಾವನೆ ಇತ್ತು. ನಾನು ಕೆಲಸಕ್ಕೆ ಸೇರಿದ ದಿನ ನನಗೂ ಸಿಕ್ಕಿದ್ದು ಅದೇ "ಹೂಂ".

ಅಷ್ಟರಲ್ಲಿ ನಮ್ಮಕ್ಕ ವಸಂತಳ ಮದುವೆ ಗೊತ್ತಾಯಿತು. ಅಪ್ಪ ಮೇನ್ ರೋಡಿನ ಸ್ಟುಡಿಯೋದ ಫೋಟೋಗ್ರಾಫರಿಗೆ ಹೇಳಿಕಳಿಸಲು ಹೊರಟಾಗ ಚಿಕ್ಕಪ್ಪ ಅಡ್ಡ ಬಂದರು.

"ಅಣ್ಣ, ಈ ಕಾಲದಲ್ಲಿ ಫೋಟೋನಾ? ವಿಡಿಯೋ ಮಾಡಿಸೋಣ. ಬಸವೇಶ್ವರನಗರದಲ್ಲಿ ಒಬ್ಬ ಇದಾನೆ, ನಾನು ಮಾತಾಡಿದೀನಿ."

"ಎರಡೂ ಇರ್ಲಿ ಬಿಡೋ."

"ಆಗಲ್ಲ ಅಣ್ಣ. ಫೋಟೋದವನ ಫ್ಲಾಷ್ ಬಿದ್ರೆ ವಿಡಿಯೋ ಟೇಪ್ ಸುಟ್ಟೋಗುತ್ತೆ."

ಇದನ್ನು ಅವರು ಎಲ್ಲಿ ಕಲಿತರೋ ಆ ದೇವರಿಗೇ ಗೊತ್ತು. ಅಪ್ಪ ಕನ್ನಡಕ ತೆಗೆದು ಒರೆಸಿದರು. "ಇರೋಳು ಒಬ್ಬಳು ಮಗಳು ಕಂಠಿ. ನಾಳೆ ನೆನಪಿಗೆ ಏನೂ ಉಳೀಲಿಲ್ಲ ಅಂದ್ರೆ..." ಎಂದು ನಿಲ್ಲಿಸಿ, "ಹೂಂ. ಎಲ್ಲ ನೀನೇ ನೋಡ್ಕೋ" ಎಂದರು. ಚಿಕ್ಕಪ್ಪ ಮೆಟ್ಟಿಲನ್ನು ಎರಡೆರಡಾಗಿ ಹಾರಿಕೊಂಡು ಮಹಡಿಗೆ ಹೋದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅಣ್ಣ ತಮ್ಮನ ಕೈಗೆ ಪೂರಾ ಒಪ್ಪಿಸಿದ ಮೊದಲ ಕೆಲಸ ಅದು.

ಮದುವೆಯ ದಿನ ಛತ್ರದ ತುಂಬ ಅವರದೇ ಓಡಾಟ. ಹೆಗಲ ಮೇಲೆ ಭಾರದ ಕ್ಯಾಮೆರಾ ಹೊತ್ತ ಬಸವೇಶ್ವರನಗರದ ಮನುಷ್ಯ ಮುಂದೆ, ಕಣ್ಣು ಕುಕ್ಕುವ ಲೈಟು ಹಿಡಿದವನು ಪಕ್ಕದಲ್ಲಿ, ವೈರು ಎಡವಿ ಬೀಳುವ ನೆಂಟರು ಹಿಂದೆ. ಇಲ್ಲಿ ನಿಮಗೊಂದು ವಿಷಯ ಹೇಳಬೇಕು. ಚಿಕ್ಕಪ್ಪನ ಹತ್ತಿರ ಹಿಂದೆ ಒಂದು ಡಬ್ಬಾ ಕ್ಯಾಮೆರಾ ಇತ್ತು. ಅದರಲ್ಲಿ ತೆಗೆದ ಫೋಟೋಗಳೆಲ್ಲ ಮಸುಕು, ಏಕೆಂದರೆ ಎದುರಿಗಿದ್ದವರು ಅಲ್ಲಾಡಿದ್ದರು. ಆ ಪಾಠವನ್ನು ಅವರು ಮರೆತಿರಲಿಲ್ಲ. ಲೈಟು ಯಾರ ಮೇಲೆ ಬಿದ್ದರೂ ಸರಿ, ಕ್ಯಾಮೆರಾದ ಹಿಂದಿನಿಂದ ಕೈಯೆತ್ತಿ, "ಅಲ್ಲಾಡ್ಬೇಡಿ! ಹಾಗೇ ಇರಿ!" ಎಂದು ಕೂಗುತ್ತಿದ್ದರು.

ಕ್ಯಾಮೆರಾದವನು ಒಂದೆರಡು ಸಲ ಗೊಣಗಿದ. "ಸಾರ್, ಇದು ವಿಡಿಯೋ ಸಾರ್, ಅಲ್ಲಾಡಬಹುದು."

"ಸಿನಿಮಾದವ್ರು ಅಲ್ಲಾಡ್ತಾರೆ, ಅವರಿಗೆ ಟ್ರೈನಿಂಗ್ ಇರುತ್ತೆ. ನಮ್ಮೋರು ಅಲ್ಲಾಡಿದ್ರೆ ಮಸುಕಾಗುತ್ತೆ. ನೀನು ಸುಮ್ನೆ ಹಿಡಿಯಪ್ಪ."

ಅವನು ಹಣೆಬರಹ ಎಂದುಕೊಂಡು ಹಿಡಿದ. ನಾವೂ ಅಷ್ಟೇ, ವಿಧೇಯರಾಗಿ ನಿಂತೆವು. ಲೈಟು ಬಂದ ಕೂಡಲೇ ಪಂಕ್ತಿಯಲ್ಲಿ ಕೂತವರು ಕಲಸಿದ ತುತ್ತನ್ನು ಬಾಯಿಯ ಹತ್ತಿರ ಹಿಡಿದು ಹಾಗೇ ಕೂತರು. ಹುಳಿ ಬಡಿಸುವವನು ಸೌಟು ಎತ್ತಿ ನಿಂತ. ಭಾವ ಅಕ್ಕನ ಕೊರಳ ಹತ್ತಿರ ತಾಳಿ ಹಿಡಿದು ಕೈ ನಡುಗುವವರೆಗೆ ನಿಂತರು. ಪುರೋಹಿತರು "ಮುಹೂರ್ತ ಮೀರುತ್ತೆ ಸ್ವಾಮಿ" ಎಂದರು, ಅದನ್ನೂ ತುಟಿ ಅಲ್ಲಾಡಿಸದೆ. ಗಟ್ಟಿಮೇಳದ ನಡುವೆ ಡೋಲಿನವನು ಕಡ್ಡಿ ಮೇಲೆತ್ತಿ ನಿಂತಾಗ ಮಾತ್ರ ಅಜ್ಜಿಗೆ ತಡೆಯಲಾಗಲಿಲ್ಲ. "ಯಾಕ್ರೋ ನಿಲ್ಲಿಸಿದ್ರಿ? ಬಾರಿಸ್ರೋ!" ಎಂದು ಕೂಗಿ, ಅಕ್ಷತೆಯ ತಟ್ಟೆ ಹಿಡಿದು ಕ್ಯಾಮೆರಾದ ಮುಂದೆಯೇ ಓಡಾಡಿದಳು. "ಅಮ್ಮ, ನೀನು ಮಸುಕಾಗ್ತೀಯಾ" ಎಂದು ಚಿಕ್ಕಪ್ಪ ಗೋಗರೆದರು. "ಆದ್ರೆ ಆಗ್ಲಿ, ನಂಗೆ ಕೆಲಸ ಇದೆ" ಎಂದಳು ಅಜ್ಜಿ.

ಮದುವೆ ಮುಗಿದು ಕೆಲವು ವಾರಗಳ ಮೇಲೆ ಕ್ಯಾಸೆಟ್ ಬಂತು. ಒಂದು ಭಾನುವಾರ ಮಧ್ಯಾಹ್ನ ಚಿಕ್ಕಪ್ಪ ವಿಜಯನಗರದಿಂದ ಬಾಡಿಗೆಗೆ ಕಲರ್ ಟಿ.ವಿ.ಯನ್ನೂ ವಿ.ಸಿ.ಆರನ್ನೂ ಆಟೋದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದರು. ಅಕ್ಕ, ಭಾವ, ಭಾವನ ತಂದೆತಾಯಿ ಬಂದು ಮುಂದಿನ ಚಾಪೆಯಲ್ಲಿ ಕೂತರು. ಬೀದಿಯವರು ಕಿಟಕಿಗಳನ್ನು ಹಂಚಿಕೊಂಡರು. ಅಪ್ಪ ಎಂದಿನ ಕುರ್ಚಿಯಲ್ಲಿ ಕೂತರು, ಪೇಪರ್ ಇರಲಿಲ್ಲ. ಚಿಕ್ಕಪ್ಪ ಊದುಬತ್ತಿ ಹಚ್ಚಿ ಬಟನ್ ಒತ್ತಿದರು.

ಹೃದಯದ ಆಕಾರದ ಎರಡು ಚಿತ್ರಗಳು ಹಾರಿಬಂದವು, ಅಕ್ಕಭಾವನ ಹೆಸರು ಗಿರಗಿರನೆ ತಿರುಗಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಛತ್ರದ ಬಾಗಿಲಲ್ಲಿ ಪನ್ನೀರುದಾನಿ ಹಿಡಿದು ನಿಂತ ನಮ್ಮ ನೆಂಟರ ಸಾಲು ಬಂತು. ಬಂತು, ಮತ್ತೆ ಹೋಗಲೇ ಇಲ್ಲ.

"ಸ್ಟಕ್ ಆಗಿದೆ ಸಾರ್" ಎಂದು ಕಿಟಕಿಯಿಂದ ಯಾರೋ ಹೇಳಿದರು. "ಪಾಜ್ ಬಟನ್ ಒತ್ತಿದೀರ ನೋಡಿ" ಎಂದರು ಇನ್ನೊಬ್ಬರು. ಚಿಕ್ಕಪ್ಪ ಟಿ.ವಿ.ಯ ತಲೆಗೆ ಎರಡು ಬಡಿದರು. ಕ್ಯಾಸೆಟ್ ಹೊರಗೆ ತೆಗೆದು, ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ವಿ.ಸಿ.ಆರಿನ ಹೆಡ್ ಒರೆಸಿ, ಮತ್ತೆ ಹಾಕಿದರು. ಅದೇ ನೆಂಟರು, ಅದೇ ಪನ್ನೀರುದಾನಿ. ಆಗ ನನ್ನ ತಮ್ಮ ಮೋಹನ, "ಚಿಕ್ಕಪ್ಪ, ಹಿಂದೆ ಫ್ಯಾನ್ ತಿರುಗ್ತಾ ಇದೆ" ಎಂದ. ನೋಡಿದರೆ ನಿಜ. ಫ್ಯಾನು ತಿರುಗುತ್ತಿತ್ತು, ಬಾಗಿಲ ತೋರಣ ತೂಗುತ್ತಿತ್ತು, ಹೋಮದ ಹೊಗೆ ಏಳುತ್ತಿತ್ತು. ಮನುಷ್ಯರು ಮಾತ್ರ ಕಲ್ಲಾಗಿದ್ದರು. ಇಡೀ ಮದುವೆಯಲ್ಲಿ ಜೀವ ಇದ್ದದ್ದು ಅಜ್ಜಿಗೊಬ್ಬಳಿಗೇ. ಅವಳು ಒಂದು ಮೂಲೆಯಿಂದ ಇನ್ನೊಂದಕ್ಕೆ, ಕಿಂಚಿತ್ತೂ ಮಸುಕಾಗದೆ, ಓಡಾಡುತ್ತಿದ್ದಳು.

ಕಿಟಕಿಗಳಲ್ಲಿ ಮೊದಲು ಕಿಸಿಕಿಸಿ, ಆಮೇಲೆ ಬಹಿರಂಗವಾಗಿಯೇ ನಗು. ನಾನೂ ನಕ್ಕೆ. ಆದರೆ ಅಕ್ಕ ನಗಲಿಲ್ಲ. ತಾಳಿ ಕಟ್ಟುವ ಹೊತ್ತಿನಲ್ಲಿ ತಾನು ಬೊಂಬೆಯ ಹಾಗೆ ಕೂತಿರುವುದನ್ನು ನೋಡಿ ಅವಳ ಕಣ್ಣು ತುಂಬಿಬಂತು. ಫೋಟೋ ಒಂದೂ ಇಲ್ಲ, ಇರುವುದು ಇದೊಂದೇ. ಚಿಕ್ಕಪ್ಪ ಟಿ.ವಿ.ಯ ಪಕ್ಕದಲ್ಲಿ ಸ್ಪಿರಿಟ್ಟಿನ ಹತ್ತಿ ಹಿಡಿದುಕೊಂಡೇ ನಿಂತಿದ್ದರು. ಅಪ್ಪನ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದರು. ಅಪ್ಪ "ಹೂಂ" ಎನ್ನಲೂ ಇಲ್ಲ. ನನಗೆ ಆಗ ನಗು ನಿಂತುಹೋಯಿತು.

"ಕಂಠಿ, ಒಂದೂ ಕೇಳಿಸ್ತಿಲ್ಲ ಕಣೋ" ಎಂದು ಅಜ್ಜಿ ಕೂತಲ್ಲಿಂದ ರೇಗಿದಳು. ವಾಲ್ಯೂಮ್ ಹೆಚ್ಚಿಟ್ಟರೆ ಚಿತ್ರ ಅದುರುತ್ತದೆ ಎಂಬ ಸಿದ್ಧಾಂತದ ಪ್ರಕಾರ ಚಿಕ್ಕಪ್ಪ ಅದನ್ನು ಪೂರಾ ಇಳಿಸಿಟ್ಟಿದ್ದರು. ಈಗ ಅವರಿಗೆ ಯಾವ ಸಿದ್ಧಾಂತದ ಮೇಲೂ ನಂಬಿಕೆ ಉಳಿದಿರಲಿಲ್ಲ. ಮೋಹನ ಎದ್ದು ವಾಲ್ಯೂಮ್ ತಿರುಗಿಸಿದ.

ಮದುವೆ ಮನೆ ಗಲಗಲ ಎಂದು ತುಂಬಿಕೊಂಡಿತು. ಕ್ಯಾಮೆರಾಕ್ಕೆ ಕಿವಿಯೂ ಇದೆ ಎಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಮುಂದೆ ನಿಂತವರು ಉಸಿರು ಬಿಗಿಹಿಡಿದಿದ್ದರೆ, ಹಿಂದೆ ಇದ್ದವರು ಮನಸ್ಸು ಬಿಚ್ಚಿ ಮಾತಾಡಿದ್ದರು. "ಪಾಯಸದಲ್ಲಿ ಗೋಡಂಬಿ ಹುಡುಕೋಕೆ ಟಾರ್ಚ್ ಬೇಕು ಕಣ್ರೀ" ಎಂದಿತು ಒಂದು ದನಿ. ಚಾಪೆಯಲ್ಲಿ ಕೂತಿದ್ದ ಭಾವನ ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅಕ್ಕ ಕಣ್ಣೀರಿನ ನಡುವೆಯೇ ಪಕ್ಕನೆ ನಕ್ಕಳು. ತೆರೆಯ ಮೇಲೆ ಬೊಂಬೆಯಂತೆ ಕೂತಿದ್ದವಳ ಹಿಂದಿನಿಂದ ಅವಳ ಗೆಳತಿಯರ ಗುಸುಗುಸು, ಓಲಗದವರ ಕೆಮ್ಮು, ಮಕ್ಕಳ ಅಳು ಎಲ್ಲ ಕೇಳತೊಡಗಿದಾಗ ಅವಳು ಮುಂದಕ್ಕೆ ಸರಿದು ಟಿ.ವಿ.ಗೇ ಕಿವಿಗೊಟ್ಟು ಕೂತಳು.

ಆಮೇಲೆ ತೆರೆಯ ಮೇಲೆ ಚಿಕ್ಕಪ್ಪ ಬಂದರು. ತೆಂಗಿನಕಾಯಿಯ ರಾಶಿಯ ಪಕ್ಕದಲ್ಲಿ, ಹೆಗಲ ಮೇಲೆ ಟವೆಲ್ಲು, ಎದೆ ಸೆಟೆಸಿ, ರೆಪ್ಪೆ ಬಡಿಯದೆ ನಿಂತಿದ್ದರು. ಕ್ಯಾಮೆರಾದ ಹಿಂದೆ ಎಲ್ಲೋ ಹತ್ತಿರದಲ್ಲೇ ಅಪ್ಪನ ದನಿ. ಭಾವನ ತಂದೆಯ ಜೊತೆ ಮಾತಾಡುತ್ತಿದ್ದರು.

"ಎಲ್ಲ ನನ್ನ ತಮ್ಮನದೇ ಓಡಾಟ ಬೀಗ್ರೇ. ಛತ್ರ ಹಿಡಿದದ್ದು ಅವನು, ಅಡಿಗೆಯವರನ್ನ ಹಿಡಿದದ್ದು ಅವನು. ನಾನು ಪಂಚೆ ಉಟ್ಕೊಂಡು ನಿಂತಿದೀನಿ ಅಷ್ಟೇ. ಅವನಿಲ್ದಿದ್ರೆ ಈ ಮನೇಲಿ ನಂಗೆ ಕೈಕಾಲೇ ಆಡಲ್ಲ. ಅವನಿಗೆ ಮಾತ್ರ ಹೇಳ್ಬೇಡಿ, ತಲೆ ಮೇಲೆ ಕೂತ್ಕೋತಾನೆ."

ತೆರೆಯ ಮೇಲಿನ ಚಿಕ್ಕಪ್ಪ ಅಷ್ಟು ದೂರಕ್ಕೆ ಏನೂ ಕೇಳಿಸದೆ ನಿಂತೇ ಇದ್ದರು. ನಮ್ಮ ಹಾಲ್‌ನಲ್ಲಿ ಎಲ್ಲರೂ ಅಪ್ಪನ ಕಡೆ ತಿರುಗಿದರು. ಕಿಟಕಿಗಳ ತಲೆಗಳೂ ತಿರುಗಿದವು. ಅಪ್ಪ ಎದ್ದು, "ಬೀಗ್ರಿಗೆ ಕಾಫಿ ಆಯ್ತಾ?" ಎಂದು ಯಾರನ್ನೂ ನೋಡದೆ ಕೇಳಿ, ಹಿಂದೆಂದೂ ಕಾಲಿಡದ ಅಡಿಗೆಮನೆಯೊಳಗೆ ಹೊರಟುಹೋದರು.

ಚಿಕ್ಕಪ್ಪ ವಿ.ಸಿ.ಆರಿನ ಮುಂದೆ ಮೆಲ್ಲಗೆ ಕುಕ್ಕುರುಗಾಲಲ್ಲಿ ಕೂತರು. "ಇಲ್ಲಿ ಸ್ವಲ್ಪ ಗೆರೆ ಬರ್ತಿದೆ. ಚೆಕ್ ಮಾಡ್ಬೇಕು" ಎಂದು ಟೇಪನ್ನು ಹಿಂದಕ್ಕೆ ಓಡಿಸಿದರು. ಮತ್ತೆ ಅಪ್ಪನ ದನಿ. ಮುಗಿದ ಮೇಲೆ, "ಇನ್ನೂ ಇದೆ ಗೆರೆ" ಎಂದು ಮತ್ತೆ ಹಿಂದಕ್ಕೆ. ಗೆರೆ ಎಲ್ಲಿದೆ ಎಂದು ಯಾರೂ ಕೇಳಲಿಲ್ಲ. ಅವರು ನಮಗೆಲ್ಲ ಬೆನ್ನು ಮಾಡಿ ಕೂತಿದ್ದರು, ಹೆಗಲ ಮೇಲಿನ ಟವೆಲ್ಲಿನ ತುದಿ ಆಗಾಗ ಮುಖದ ಕಡೆ ಹೋಗುತ್ತಿತ್ತು.

ಅಪ್ಪ ಹೋಗಿ ಬಹಳ ಕಾಲವಾಯಿತು, ಚಿಕ್ಕಪ್ಪನೂ ಈಗ ಇಲ್ಲ. ಅವರಿಬ್ಬರೂ ಆ ಮಾತಿನ ವಿಚಾರವನ್ನು ಒಮ್ಮೆಯಾದರೂ ಎತ್ತಿದ್ದು ನಾನು ಕಾಣೆ.

ಇಷ್ಟೆಲ್ಲ ನೆನೆದುಕೊಂಡು ನಡೆದದ್ದಕ್ಕೋ ಏನೋ, ಗಡ್ಡದವನಿಗೆ ಕೊನೆಗೂ ನನ್ನ ನಗು ಒಪ್ಪಿಗೆಯಾಯಿತು. ಅವನನ್ನು ಕೇಳಿದೆ: "ಏನಪ್ಪಾ, ನಾವು ಮಾತಾಡೋದೆಲ್ಲ ಇದರಲ್ಲಿ ಬರುತ್ತಾ?"

"ಇಲ್ಲ ಅಂಕಲ್. ವಾಯ್ಸ್ ಎಲ್ಲ ಮ್ಯೂಟ್ ಮಾಡಿ, ಮೇಲೆ ಸಾಂಗ್ ಹಾಕ್ತೀವಿ."

ಹಾಗಾದರೆ ಇಲ್ಲಿ ಯಾರು ಏನು ಹೇಳಿದರೂ ಮುಂದೆ ಯಾರಿಗೂ ಕೇಳಿಸುವುದಿಲ್ಲ. ಊಟದ ಹಾಲ್ ಕಡೆಯಿಂದ ಮೋಹನ ಬರುತ್ತಿದ್ದ. ತಿಂಗಳಿನಿಂದ ಈ ಮದುವೆಗೆ ಓಡಾಡಿದವನು ಅವನೇ. ಅಂಗಿ ಬೆವರಿಗೆ ಬೆನ್ನಿಗಂಟಿತ್ತು, ಕೈಯಲ್ಲಿ ಉಗ್ರಾಣದ ಬೀಗದಕೈ. ನಾನು ಹೋಗಿ ಅವನ ತೋಳು ಹಿಡಿದೆ.

"ಮೋಹನ, ಎಲ್ಲ ನಿಂದೇ ಓಡಾಟ. ತುಂಬಾ ಚೆನ್ನಾಗಿ ಮಾಡಿದೆ ಕಣೋ. ನೀನಿಲ್ದಿದ್ರೆ ನನ್ನ ಕೈಲಿ ಆಗ್ತಿರ್ಲಿಲ್ಲ."

ಅವನು ನನ್ನ ಮುಖವನ್ನೇ ದಿಟ್ಟಿಸಿದ. "ಯಾಕಣ್ಣ? ಎದೆಗಿದೆ ನೋಯ್ತಿದ್ಯಾ?" ಎಂದವನೇ ಒಂದು ಕುರ್ಚಿ ಎಳೆದು ನನ್ನನ್ನು ಕೂರಿಸಿ, "ಅತ್ತಿಗೇ, ಅಣ್ಣ ಬೆಳಿಗ್ಗೆ ಬಿ.ಪಿ. ಮಾತ್ರೆ ತಗೊಂಡ್ನಾ?" ಎಂದು ಇಡೀ ಮಂಟಪಕ್ಕೆ ಕೇಳುವಂತೆ ಕೂಗಿದ. ನೀರು ಬಂತು. ಕುಡಿದೆ. ಕುಡಿದ ಮೇಲೆ ಅದೇ ಮಾತನ್ನು ಇನ್ನೊಂದು ಸಲ ಹೇಳಿದೆ.

ಈ ಸಲ ಅವನು ಯಾರನ್ನೂ ಕೂಗಲಿಲ್ಲ. ಬೀಗದಕೈಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. ಆಮೇಲೆ ಬೇರೆ ಕಡೆ ನೋಡುತ್ತಾ, "ಏಳಣ್ಣ, ಊಟ ಮಾಡು ಬಾ. ನಾನೇ ಬಡಿಸ್ತೀನಿ" ಎಂದ.