ಟರ್ಮಿನಲ್ಲಿಗೆ ಕುಂಕುಮ ಹಚ್ಚಿದ ಹಾಲೇಶ

ಹೊಳಲ್ಕೆರೆ ಸೀಮೆಯಲ್ಲಿ ತನ್ನಷ್ಟು ಬುದ್ಧಿವಂತ ಇನ್ನೊಬ್ಬನಿಲ್ಲ ಎಂದು ಹಾಲೇಶ ನಂಬಿಕೊಂಡಿದ್ದು ಎರಡು ಸಾವಿರದ ಎರಡನೇ ಇಸವಿಯ ದಸರಾವರೆಗೆ ಮಾತ್ರ. ಆಮೇಲೆ ಆ ನಂಬಿಕೆಗೆ ಎಲ್ಲರಿಗಿಂತ ಮೊದಲು ಅವನೇ ನಗುತ್ತಿದ್ದ.

ಅವನಿಗೆ ಹೋಬಳಿಯೊಂದರ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ. ಯಂತ್ರದ ಯೋಗಕ್ಷೇಮವೆಲ್ಲ ಕಂಪ್ಯೂಟರಿನ ಟರ್ಮಿನಲ್ ಎಂಬ ಕಪ್ಪು ಕಿಟಕಿಯಲ್ಲಿ ಹಸಿರು ಅಕ್ಷರಗಳಾಗಿ ಬೀಳುತ್ತಿತ್ತು. ಲೈನು ಸತ್ತರೆ ಕೆಂಪು ಸಾಲು ಬಂದು ಬೀಪ್ ಎನ್ನುತ್ತಿತ್ತು. ಅದರ ಬಣ್ಣ, ಅಕ್ಷರ, ಸದ್ದು ಎಲ್ಲ ಬದಲಿಸುವ ಮೆನು ಸಿಕ್ಕಿದ್ದೇ ಸಿಕ್ಕಿದ್ದು, ಹಾಲೇಶನ ಕೈ ಸುಮ್ಮನಿರಲಿಲ್ಲ. ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ.

ಆಯುಧಪೂಜೆಗೆ ಬಂದ ತಾಯಿ ಕೊಟ್ರಮ್ಮ ಆ ಪರದೆ ನೋಡಿ ಗದರಿದಳು. “ಲೇ ಹಾಲೇಶ, ಹೆಣ್ಣು ನೋಡ್ಕಂಡು ಬಂದೀಯ. ದಿನಾ ಎದ್ದು ಈ ಕರಿ ಮುಸುಡಿ ನೋಡ್ತಾ ಕುಂತ್ರೆ ಅವರು ಹೂಂ ಅಂತಾರೇನೋ?”

ಹಾಲೇಶ ಅವತ್ತೇ ಹಿನ್ನೆಲೆಗೆ ಕುಂಕುಮದ ಕೆಂಪು ಬಳಿದ, ಅಕ್ಷರಕ್ಕೆ ವಿಭೂತಿಯ ಬಿಳುಪು ಕೊಟ್ಟ. ಬೀಪ್ ಸದ್ದು ಅಪಶಕುನದ ಹಲ್ಲಿಯಂತೆ ಕೇಳುತ್ತಿತ್ತು, ಅದರ ಬಾಯನ್ನೂ ಮುಚ್ಚಿಸಿದ.

ಹೆಣ್ಣು ಹೊರ ತಾಲೂಕಿನ ಆದಿವಾಲದ ವ್ಯಾಪಾರಿ ಏಕಾಂತಪ್ಪನ ಮಗಳು ಪಲ್ಲವಿ. ಅವಳನ್ನು ನೋಡಿದ ಮೇಲೆ ಇವನಿಗೆ ಬೇರೆ ಹೆಣ್ಣು ಬೇಡವೇ ಬೇಡ. ಆ ಸಡಗರದಲ್ಲಿ, “ಇಡೀ ಹೋಬಳಿ ಫೋನು ನನ್ನ ಬೆರಳ ತುದೀಲಿ ಅವೆ” ಎಂದು ಜಂಬ ಕೊಚ್ಚಿ ಬಂದಿದ್ದ. ಏಕಾಂತಪ್ಪ ನಗಲಿಲ್ಲ. “ಶುಕ್ರವಾರ ಮಧ್ಯಾಹ್ನದೊಳಗೆ ಎಕ್ಸ್‌ಚೇಂಜಿಗೇ ಫೋನ್ ಹಚ್ತೀನಿ. ಹಚ್ಲಿಲ್ಲ ಅಂದ್ರೆ ನೀವೇ ತಿಳ್ಕಳ್ರಿ” ಎಂದಿದ್ದ.

ಶುಕ್ರವಾರ ಹಾಲೇಶ ಫೋನಿನ ಪಕ್ಕದಿಂದ ಏಳಲೇ ಇಲ್ಲ. ಎಸ್‌ಟಿಡಿ ಬೂತಿನ ತಿಪ್ಪಕ್ಕ ಬಂದಳು. “ಹೊರಗಿನ ಊರಿಗೆ ಒಂದೂ ಫೋನ್ ಹೋಗ್ತಿಲ್ಲ ಕಣಪ್ಪ.”

“ಇಲ್ ನೋಡ್ರಿ ತಿಪ್ಪಕ್ಕ, ಲೈನ್ ಸತ್ರೆ ಕೆಂಪು ಬರ್ತೈತೆ. ಬಂದೈತಾ?”

“ಎಲ್ಲಾ ಕೆಂಪೇ ಐತಲ್ಲಪ್ಪ!”

“ಅದು ಕುಂಕುಮ!” ಎಂದು ಅವಳನ್ನು ಸಾಗಹಾಕಿದ.

ಮಧ್ಯಾಹ್ನ ಕಳೆಯಿತು. ಫೋನು ಉಸಿರೆತ್ತಲಿಲ್ಲ. ಮುಗೀತು, ಒಲ್ಲೆ ಅಂದರು ಎಂದುಕೊಂಡ ಹಾಲೇಶ. ಈ ಬಣ್ಣದಿಂದ ಬಂದ ಭಾಗ್ಯ ಇಷ್ಟೇ ತಾನೇ ಎಂದು ಸಿಟ್ಟಿನಲ್ಲಿ ಪರದೆಯನ್ನು ಮತ್ತೆ ಕಪ್ಪು ಮಾಡಿದ. ಮಾಡಿದ್ದೇ ತಡ, ಮೇಲಿಂದ ಕೆಳಗಿನವರೆಗೆ ಕೆಂಪು ಸಾಲುಗಳು ಎದ್ದು ಕೂತವು. ಹೊರಗಿನ ಊರುಗಳಿಗೆಲ್ಲ ದಾರಿಯಾದ ಹೊಳಲ್ಕೆರೆ ಲೈನು ಬೆಳಗಿನಿಂದಲೂ ಸತ್ತಿತ್ತು!

ಅಯ್ಯೋ ನನ್ನ ಕರ್ಮವೇ, ಕೆಂಪಿನ ಮೇಲೆ ಕೆಂಪು ಬರೆದರೆ ಯಾವನ ಕಣ್ಣಿಗೆ ಕಂಡೀತು? ಹಣೆ ಚಚ್ಚಿಕೊಂಡು ಓಡಿದ. ಸಡಿಲವಾಗಿದ್ದ ಆ ಲೈನಿನ ಸರ್ಕ್ಯೂಟ್ ಕಾರ್ಡನ್ನು ಯಂತ್ರದೊಳಕ್ಕೆ ಒತ್ತಿ ಕೂರಿಸಿದ. ತುಸು ಹೊತ್ತಿಗೆ ಫೋನು ಬಡಿದುಕೊಂಡಿತು.

“ಹಚ್ಚೀ ಹಚ್ಚೀ ಬೆರಳು ಸವೀತು ಮಾರಾಯ” ಎಂದ ಏಕಾಂತಪ್ಪ. “ಬರೀ ಬಡಾಯಿ ಹುಡುಗ, ಸುಮ್ನಿರೋ ಬದ್ಲು ಬಾಯಿಬಿಟ್ಟೇ ಬ್ಯಾಡ ಅಂತ ಹೇಳಾಣ ಅಂತ ಬೆಳಗ್ಗಿಂದ ಹಚ್ತಿದ್ದೆ. ಹತ್ಲಿಲ್ಲ. ಅಷ್ಟ್ರಾಗೆ ಮಗಳು ಜಗಳ ಆಡಿ ಒಪ್ಪಿಸಿಬಿಟ್ಲು. ಆಗ್ಲಿ, ನಮ್ದು ಹೂಂ.”

ಅಷ್ಟರಲ್ಲಿ ಅಪ್ಪನ ಕೈಯಿಂದ ಪಲ್ಲವಿ ಫೋನು ಕಿತ್ತುಕೊಂಡಳು.

“ಇಷ್ಟೊತ್ತು ಲೈನ್ ಸತ್ತಿತ್ತಲ್ಲ, ಏನ್ ಮಾಡ್ತಿದ್ರಿ?”

“ಎದುರಿಗೇ ಕುಂತಿದ್ದೆ. ಕಾಣ್ಲಿಲ್ಲ.”

“ಸದ್ಯ ಕಾಣ್ಲಿಲ್ಲ! ಕಂಡಿದ್ರೆ ಬೆಳಗ್ಗೇನೇ ರಿಪೇರಿ ಮಾಡಿ, ನಮ್ಮಪ್ಪನ ಬಾಯಾಗೆ ಬ್ಯಾಡ ಅನ್ನಿಸ್ಕಂಡು ಕುಂತಿರ್ತಿದ್ರಿ.”