ಏಳುನೂರ ಹದಿನೈದು ಡಿಗ್ರಿ

ಅಮೆರಿಕದ ಕಮ್ಮಿಂಗ್ ಎಂಬ ಊರಿನಲ್ಲಿ ನಮ್ಮ ಬಡಾವಣೆಯ ಹೊಸ ಮನೆಗಳ ಸಾಲು ಮುಗಿಯುವ ಕಡೆ ಒಂದು ಹಳೆಯ ಮನೆಯಿತ್ತು. ಕೊರೊನಾದ ಎರಡನೆಯ ವರ್ಷ, ಪ್ರತಿ ಶನಿವಾರ ಬೆಳಿಗ್ಗೆ ಎರಡು ಗಂಟೆ ಕಾಲ, ಆ ಮನೆಯ ಗ್ಯಾರೇಜಿನಲ್ಲಿ ನಿಂತು ಒಬ್ಬ ಮುದುಕರಿಗೆ ನಾನು ಥರ್ಮಾಮೀಟರ್ ಓದಿ ಹೇಳುತ್ತಿದ್ದೆ.

ಬೆಂಗಳೂರಿನ ಪತ್ರಿಕೆಯೊಂದರ ಡೆಸ್ಕಿನಲ್ಲಿ ಹದಿನಾಲ್ಕು ವರ್ಷ ಇದ್ದು, ಹೆಂಡತಿಯ ವೀಸಾದ ಮೇಲೆ ಅಲ್ಲಿಗೆ ಹೋದವನು ನಾನು. ಕೆಲಸ ಮಾಡುವ ಅನುಮತಿ ಇರಲಿಲ್ಲ. ಹೆಂಡತಿ ಮಹಡಿಯ ಕೋಣೆಯ ಬಾಗಿಲು ಹಾಕಿಕೊಂಡು ಮೀಟಿಂಗುಗಳಲ್ಲಿರುತ್ತಿದ್ದಳು, ಎಷ್ಟೋ ಶನಿವಾರಗಳಲ್ಲೂ. ನಾನು ಅಡುಗೆ ಮಾಡುತ್ತಿದ್ದೆ, ಆಮೇಲೆ ನಡೆಯುತ್ತಿದ್ದೆ. ಎಲ್ಲರೂ ಕಾರಿನಲ್ಲೇ ಓಡಾಡುವ ಊರಿನಲ್ಲಿ ನಡೆದುಹೋಗುವವನನ್ನು ನಿಲ್ಲಿಸಿ ಮಾತಾಡಿಸಿದವರು ಅವರೊಬ್ಬರೇ. ನಿನ್ನ ಕಣ್ಣು ಚೆನ್ನಾಗಿದೆಯಾ ಎಂಬುದು ಅವರ ಮೊದಲ ಪ್ರಶ್ನೆ.

ಅವರು ಲೇತ್ ಕೆಲಸದಿಂದ ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು. ಅಂಗಡಿಗಳಲ್ಲಿ ಗುಂಡುಗಳು ಸಿಗದಾಗಿ, ತಮ್ಮ ಹಳೆಯ ರೈಫಲ್ಲಿಗೆ ಬೇಕಾದ ಗುಂಡುಗಳನ್ನು ಸೀಸ ಕರಗಿಸಿ ತಾವೇ ಎರಕ ಹೊಯ್ಯುತ್ತಿದ್ದರು. ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಮುಂದಕ್ಕೆ ಹೋಗುತ್ತಲೇ ಇತ್ತು. ಅಚ್ಚು, ಸೌಟು ಎಲ್ಲ ಕೈಗೆ ಗೊತ್ತಿದ್ದವು, ಥರ್ಮಾಮೀಟರಿನ ಮುಳ್ಳು ಮಾತ್ರ ಕಾಣುತ್ತಿರಲಿಲ್ಲ. ಆಪರೇಷನ್ ಆಗುವವರೆಗೆ ನಾನು ಬೇಕಾಗಿದ್ದೆ. ವಾರದಲ್ಲಿ ಯಾರಾದರೂ ನನಗಾಗಿ ಕಾಯುತ್ತಿದ್ದುದು ಆ ಎರಡು ಗಂಟೆ ಮಾತ್ರ.

ಮೊದಲ ದಿನ ನಾನು ಚಪ್ಪಲಿಯನ್ನು ಗ್ಯಾರೇಜಿನ ಹೊರಗೆ ಬಿಟ್ಟು ಬರಿಗಾಲಲ್ಲಿ ಒಳಗೆ ಹೋದೆ. ಅವರು ನನ್ನ ಪಾದಗಳನ್ನು ನೋಡಿ, ಮನೆಗೆ ಹೋಗಿ ಬೂಟು ಹಾಕಿಕೊಂಡು ಬಾ ಎಂದು ಕಳಿಸಿದರು. ಮುಖಕ್ಕೆ ಕವಚ, ಕೈಗೆ ಚರ್ಮದ ಗವಸು ಅವರೇ ಕೊಟ್ಟರು. ಗ್ಯಾರೇಜಿನ ಬಾಗಿಲು ಪೂರ್ತಿ ಮೇಲಿರುತ್ತಿತ್ತು, ಹೊಗೆ ಹೊರಗೆ ಹೋಗಲೆಂದು.

ನಾನು ಒಂದು ನೋಟ್‌ಬುಕ್ಕಿನಲ್ಲಿ ದಾಖಲೆ ಇಟ್ಟೆ. ಅಲ್ಲೆಲ್ಲ ಲೆಕ್ಕ ಫ್ಯಾರನ್‌ಹೀಟ್‌ನಲ್ಲಿ. ಆರುನೂರ ಐವತ್ತಕ್ಕೆ ಹೊಯ್ದರೆ ಗುಂಡಿನ ಮೈ ಸುಕ್ಕು, ಅಂಚು ತುಂಬುವುದಿಲ್ಲ. ಏಳುನೂರ ಎಂಬತ್ತಕ್ಕೆ ಮೈಯೆಲ್ಲ ಮಂಜು ಹಿಡಿದ ಗಾಜಿನಂತೆ ಮಬ್ಬು. ಅವರ ಆ ಅಚ್ಚಿಗೆ, ಸ್ವಲ್ಪ ತವರ ಬೆರೆಸಿದ ಆ ಸೀಸಕ್ಕೆ, ಏಳುನೂರ ಹದಿನೈದು ಸರಿ ಎಂದು ತಿಳಿಯಲು ನಮಗೆ ಐದು ಶನಿವಾರ ಬೇಕಾಯಿತು. ಅವರು ಸೌಟು ಎತ್ತುವ ಮೊದಲು "ಎಷ್ಟು?" ಎನ್ನುತ್ತಿದ್ದರು. ನಾನು ಹೇಳುತ್ತಿದ್ದೆ. ಹೆಚ್ಚಿನ ಮಾತು ಇರುತ್ತಿರಲಿಲ್ಲ.

ಆರನೆಯ ಶನಿವಾರ ಅವರಿಗೆ ಫೋನ್ ಬಂತು. ಅಚ್ಚು ಕಾದಿದೆಯಾ ನೋಡು ಎಂದು ಹೇಳಿ ಒಳಗೆ ಹೋದರು. ಅಚ್ಚು ಬಿಸಿಯೇರಲೆಂದು ಸೀಸದ ಪಾತ್ರೆಯ ಅಂಚಿನ ಮೇಲೆ ಕೂತಿತ್ತು. ಲೋಹ ಕಾದಿದೆಯೇ ಎಂದು ನೋಡಲು ನನಗೆ ಗೊತ್ತಿದ್ದದ್ದು ಒಂದೇ ದಾರಿ. ದಿನವೂ ದೋಸೆ ಕಾವಲಿಯ ಮುಂದೆ ಮಾಡುತ್ತಿದ್ದದ್ದು ಅದೇ. ಗವಸು ತೆಗೆದು, ಕುಡಿಯಲು ತಂದಿದ್ದ ಬಾಟಲಿಯ ನೀರಿನಿಂದ ಬೆರಳು ಒದ್ದೆ ಮಾಡಿಕೊಂಡು ಚಿಮುಕಿಸಿದೆ.

ಅಚ್ಚು ಚುರ್ ಎಂದಿತು. ಒಂದು ಹನಿ ಪಾತ್ರೆಗೆ ಬಿದ್ದು, ಕರಗಿದ ಸೀಸದ ಮೇಲೆ ಓಡಾಡಿ ಆರಿಹೋಯಿತು. ಅಷ್ಟರಲ್ಲಿ ಮುದುಕರು ಹಿಂದಿನಿಂದ ನನ್ನ ಮಣಿಕಟ್ಟು ಹಿಡಿದಿದ್ದರು.

ಹೀಟರ್ ಆರಿಸಿದರು. ಆ ಹನಿ ಸೀಸದ ಅಡಿಗೆ ಸಿಕ್ಕಿದ್ದರೆ ಆವಿಯಾಗಿ ಇಡೀ ಪಾತ್ರೆಯನ್ನು ನಮ್ಮ ಮೇಲೆ ಎರಚುತ್ತಿತ್ತು ಎಂದರು. ದನಿ ಏರಿಸಲಿಲ್ಲ. ಇವತ್ತಿಗೆ ಸಾಕು ಎಂದು ಬಾಗಿಲು ಇಳಿಸಿದರು.

ಮುಂದಿನ ಶನಿವಾರ ಬಾಗಿಲು ಇಳಿದೇ ಇತ್ತು. ಅದರ ಮುಂದಿನದೂ. ನಾನು ಎರಡು ಸಲ ಆ ಮನೆಯ ಮುಂದೆ ಹಾದುಹೋದೆ, ಬೆಲ್ ಒತ್ತಲಿಲ್ಲ.

ಹೆಂಡತಿಗೆ ಹೇಳಿದಾಗ ಅವಳು ಮೀಟಿಂಗಿನಲ್ಲಿ ಮ್ಯೂಟ್ ಮಾಡಿಕೊಂಡಿದ್ದಳು.

"ಗ್ಯಾರೇಜಲ್ಲಿ ದೋಸೆ ಹುಯ್ಯಕ್ಕೆ ಹೋಗಿದ್ಯಾ?" ಎಂದಳು. ನಾನು ನಗಲಿಲ್ಲ. ಅವಳು ಹೆಡ್‌ಸೆಟ್ ಕೆಳಗಿಟ್ಟಳು. "ಪೇಪರಲ್ಲಿ ತಪ್ಪಾದ್ರೆ ಏನ್ ಮಾಡ್ತಿದ್ರಿ ನೀವೆಲ್ಲ? ಅದನ್ನೇ ಮಾಡು. ಸುಮ್ನೆ ಆ ಅಂಕಲ್ ಮನೆ ಸುತ್ತ ವಾಕ್ ಮಾಡ್ಬೇಡ."

ನೋಟ್‌ಬುಕ್ ನನ್ನ ಬಳಿಯೇ ಇತ್ತು. ಆರನೆಯ ಶನಿವಾರದ ಪುಟದಲ್ಲಿ ನಾನು ಉಷ್ಣಾಂಶಗಳನ್ನಷ್ಟೇ ಬರೆದಿದ್ದೆ; ನೀರಿನ ಸುದ್ದಿ ಇರಲಿಲ್ಲ. ಅದರ ಕೆಳಗೆ ತಿದ್ದುಪಡಿ ಬರೆದೆ: ಈ ದಾಖಲೆಯಲ್ಲಿ ಒಂದು ಸಂಗತಿ ಬಿಟ್ಟುಹೋಗಿದೆ, ಬರೆದವನು ಕಾದ ಅಚ್ಚಿನ ಮೇಲೆ ನೀರು ಚಿಮುಕಿಸಿದ, ಒಂದು ಹನಿ ಸೀಸಕ್ಕೆ ಬಿತ್ತು, ತಪ್ಪು ಅವನದು. ನನ್ನ ಅಕ್ಷರ ಸಣ್ಣದು. ಅವರಿಗೆ ಕಾಣುವುದಿಲ್ಲ ಎಂಬುದು ನೋಟ್‌ಬುಕ್ಕನ್ನು ಅವರ ಬಾಗಿಲ ಬಳಿ ಇಟ್ಟು ಬಂದ ಮೇಲೆ ಹೊಳೆಯಿತು.

ಆ ವಾರದ ಶನಿವಾರ ಬಾಗಿಲು ಮೇಲಿತ್ತು. ಮುದುಕರು ಕಪ್ಪು ಕನ್ನಡಕ ಹಾಕಿಕೊಂಡು ಪಾತ್ರೆಯ ಮುಂದೆ ನಿಂತಿದ್ದರು. ಮೊದಲು ನನ್ನ ಬೂಟು ನೋಡಿದರು.

"ನೀರು ಬಿದ್ದಾಗ ಎಷ್ಟು ಡಿಗ್ರಿ ಇತ್ತು ಅಂತ ಬರೆದೇ ಇಲ್ಲ," ಎಂದರು.

ಆಪರೇಷನ್ ಆಗಿತ್ತು. ನನ್ನ ಸಣ್ಣ ಅಕ್ಷರವನ್ನು ಅವರೇ ಓದಿದ್ದರು. ಏಳುನೂರು ಎಂದೆ. ಬರೆ ಎಂದರು, ಬರೆದೆ. ಬಾಟಲಿಯನ್ನು ಹೊರಗೆ ರಸ್ತೆಯ ಬದಿಗೆ ಇಟ್ಟು ಬಂದು ಗವಸು ಹಾಕಿಕೊಂಡೆ.

ಥರ್ಮಾಮೀಟರ್ ಅವರ ಮುಖದಿಂದ ಒಂದು ಮೊಳ ದೂರದಲ್ಲಿತ್ತು. ಕನ್ನಡಕ ಬದಲಿಸಿ ಅದರ ಮುಳ್ಳನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕವಚ ಇಳಿಸಿಕೊಂಡು, ಸೌಟಿಗೆ ಕೈ ಹಾಕಿ, "ಎಷ್ಟು?" ಎಂದರು.